ಹೈಸ್ಕೂಲ್ ವಾಲಿಬಾಲ್‌ನಿಂದ ಕಾಲೇಜ್ ತಂಡಕ್ಕೆ: ಅಮೆರಿಕದ ಕನ್ನಡ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಕೂಟದ ಊಟದ ಸಾಲಿನಲ್ಲಿ, ಟೂರ್ನಮೆಂಟ್ ಹಾಲ್‌ಗಳ ಕಾರಿಡಾರ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮಗಳ ಜೊತೆ ಈ ದಾರಿಯಲ್ಲಿ ನಡೆದಿದ್ದೇನೆ. ಆಮೇಲೆ ಪರಿಚಯದ ಹಲವು ಮನೆಗಳವರ ಜೊತೆ ಕೂತು ಲಿಸ್ಟ್ ಮಾಡಿದ್ದೇನೆ, ವಿಡಿಯೊ ನೋಡಿದ್ದೇನೆ. ಹೆಚ್ಚಿನ ಉತ್ತರಗಳು ಹೆಣ್ಣುಮಕ್ಕಳ ವಾಲಿಬಾಲ್ ಬಗ್ಗೆ ಇವೆ. ಗಂಡುಮಕ್ಕಳದ್ದು ಬೇರೆ ಲೆಕ್ಕ, ಅದಕ್ಕೆ ಕೊನೆಯ ಭಾಗದಲ್ಲಿ ಒಂದು ಉತ್ತರ ಇದೆ. ಕಾಲೇಜ್ ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಅನ್ನುವ ಒಕ್ಕೂಟದ ನಿಯಮಗಳು ಈಚೆಗೆ ಬೇಗ ಬೇಗ ಬದಲಾಗುತ್ತಿವೆ. ಯಾವುದಕ್ಕಾದರೂ ಸಹಿ ಹಾಕುವ ಮೊದಲು ಆ ವರ್ಷದ ನಿಯಮ ಒಮ್ಮೆ ನೋಡಿಕೊಳ್ಳಿ.

## ಶುರುವಿನ ಪ್ರಶ್ನೆಗಳು

ಚೆನ್ನಾಗಿ ಆಡಿದರೆ ಕೋಚ್‌ಗಳೇ ಹುಡುಕಿಕೊಂಡು ಬರಲ್ವಾ? ನಾವ್ಯಾಕೆ ಹೋಗಿ ಕೇಳಬೇಕು?

ದೇಶದಲ್ಲೇ ಮೇಲಿನ ಸಾಲಿನಲ್ಲಿರುವ ಕೆಲವೇ ಹುಡುಗಿಯರನ್ನು ಕೋಚ್‌ಗಳು ತಾವಾಗಿ ಹುಡುಕಿಕೊಂಡು ಬರುತ್ತಾರೆ. ಉಳಿದವರು ತಾವೇ ಪರಿಚಯ ಮಾಡಿಕೊಳ್ಳಬೇಕು. ಒಂದು ದೊಡ್ಡ ಟೂರ್ನಮೆಂಟ್ ಅಂದರೆ ಒಂದೇ ಹಾಲ್‌ನಲ್ಲಿ ಹತ್ತಾರು ಕೋರ್ಟ್, ಬೆಳಿಗ್ಗೆ 8ರಿಂದ ರಾತ್ರಿವರೆಗೆ ಪಂದ್ಯ. ಕಾಲೇಜಿನಿಂದ ಬರುವವರು ಒಬ್ಬರೋ ಇಬ್ಬರೋ. ಅವರ ಕೈಯಲ್ಲಿ ಮೊದಲೇ ಮಾಡಿಕೊಂಡ ಹೆಸರುಗಳ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿರುವ ಮಕ್ಕಳ ಕೋರ್ಟ್‌ಗೆ ಹೋಗಿ ನಿಲ್ಲುತ್ತಾರೆ. ಪಟ್ಟಿಗೆ ಹೆಸರು ಸೇರುವುದು ಹೆಚ್ಚಾಗಿ ಮಕ್ಕಳು ಮೊದಲು ಬರೆದ ಇಮೇಲ್‌ನಿಂದ. ಕೇಳುವುದಕ್ಕೆ ಸಂಕೋಚ ಬೇಡ. ಇಲ್ಲಿ ಎಲ್ಲರೂ ಕೇಳುತ್ತಾರೆ, ಕೋಚ್‌ಗಳೂ ಅದನ್ನೇ ಎದುರು ನೋಡುತ್ತಾರೆ.

ಡಿವಿಷನ್ 1, 2, 3 ಅಂದ್ರೆ ಏನು? ಡಿವಿಷನ್ 1 ಸಿಗದಿದ್ದರೆ ಆಟ ಬಿಟ್ಟು ಓದೋದೇ ಒಳ್ಳೇದಲ್ವಾ?

ಎನ್‌ಸಿಎಎ ಒಳಗೆ ಮೂರು ಡಿವಿಷನ್ ಇವೆ. ಡಿವಿಷನ್ 1ರಲ್ಲೇ ಹೆಣ್ಣುಮಕ್ಕಳ ವಾಲಿಬಾಲ್ ತಂಡ ಇರುವ ಕಾಲೇಜುಗಳು 300ಕ್ಕೂ ಹೆಚ್ಚು. ಡಿವಿಷನ್ 2ರಲ್ಲೂ ಆಟದ ಸ್ಕಾಲರ್‌ಶಿಪ್ ಉಂಟು, ಆದರೆ ಸಾಮಾನ್ಯವಾಗಿ ಭಾಗಶಃ. ಡಿವಿಷನ್ 3ರಲ್ಲಿ ಆಟಕ್ಕಾಗಿ ದುಡ್ಡು ಕೊಡುವ ಹಾಗೇ ಇಲ್ಲ. ಎನ್‌ಸಿಎಎ ಹೊರಗೆ ಎನ್‌ಎಐಎ ಅನ್ನುವ ಇನ್ನೊಂದು ಒಕ್ಕೂಟ ಇದೆ, ಎರಡು ವರ್ಷದ ಜೂನಿಯರ್ ಕಾಲೇಜುಗಳ ಎನ್‌ಜೆಸಿಎಎ ಇದೆ.

ನಮ್ಮವರ ಮನಸ್ಸಿನಲ್ಲಿ 1 ಅಂದರೆ ಫಸ್ಟ್ ಕ್ಲಾಸ್, 3 ಅಂದರೆ ಪಾಸ್ ಕ್ಲಾಸ್ ಅನ್ನುವ ಲೆಕ್ಕ ಕೂತುಬಿಟ್ಟಿದೆ. ಅದನ್ನು ದಯವಿಟ್ಟು ಬಿಡಿ. ಎಂಐಟಿ, ಯೂನಿವರ್ಸಿಟಿ ಆಫ್ ಶಿಕಾಗೊ, ಎಮರಿ, ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿ, ಜಾನ್ಸ್ ಹಾಪ್ಕಿನ್ಸ್ ಎಲ್ಲವೂ ವಾಲಿಬಾಲ್‌ನಲ್ಲಿ ಡಿವಿಷನ್ 3. ಜಾನ್ಸ್ ಹಾಪ್ಕಿನ್ಸ್ ಹುಡುಗಿಯರು 2019ರಲ್ಲಿ ಒಂದೂ ಪಂದ್ಯ ಸೋಲದೆ ಡಿವಿಷನ್ 3 ಚಾಂಪಿಯನ್ ಆದರು. ಆಟದ ಮಟ್ಟವೂ ಒಂದರೊಳಗೊಂದು ಹೊಂದಿಕೊಂಡಿದೆ. ಡಿವಿಷನ್ 3ರ ಮೇಲಿನ ತಂಡಗಳಲ್ಲಿ ಡಿವಿಷನ್ 1ರ ಕೆಳಗಿನ ತಂಡಗಳಲ್ಲಿ ಆಡಬಲ್ಲ ಹುಡುಗಿಯರು ಇರುತ್ತಾರೆ. ಓದಿಗೆ ಬೆಲೆ ಕೊಡುವ ಮನೆಗಳು ಈ ಡಿವಿಷನ್ ಅನ್ನು ಮೊದಲೇ ನೋಡಬೇಕು. ಬೇರೆಲ್ಲ ಬಾಗಿಲು ಮುಚ್ಚಿದ ಮೇಲೆ ನೋಡುವ ಜಾಗ ಅದಲ್ಲ.

ನಮ್ಮವಳು 9ನೇ ಗ್ರೇಡ್. ಈಗಲೇ ಶುರು ಮಾಡಬೇಕಾ?

ಓದಿನ ಕಡೆಯಿಂದ ಹೌದು, ಈಗಲೇ. 9ನೇ ಗ್ರೇಡಿನ ಮಾರ್ಕ್ಸ್ ಕೊನೆಯವರೆಗೂ ಲೆಕ್ಕಕ್ಕೆ ಬರುತ್ತದೆ. ಆಟದ ಕಡೆಯಿಂದ ಈ ವರ್ಷ ಕೌಶಲ ಕಲಿಯಲಿ, ವಿಡಿಯೊ ಸೇರಿಸಿಡಿ, ಹತ್ತಿರದ ಕಾಲೇಜುಗಳ ಪಂದ್ಯ ಹೋಗಿ ನೋಡಿ. 10ನೇ ಗ್ರೇಡಿನಲ್ಲಿ ಲಿಸ್ಟ್ ಮಾಡಿ ಇಮೇಲ್ ಕಳಿಸಲು ಶುರು ಮಾಡಿದರೆ ಸರಿಯಾದ ಸಮಯ. ಕೆಲವು ವರ್ಷಗಳ ಹಿಂದೆ 8, 9ನೇ ಗ್ರೇಡಿನ ಹುಡುಗಿಯರೇ ಕಾಲೇಜಿಗೆ ಮಾತು ಕೊಡುತ್ತಿದ್ದರು. 2019ರಲ್ಲಿ ಬಂದ ನಿಯಮ ಅದಕ್ಕೆ ಕಡಿವಾಣ ಹಾಕಿತು, ಒಳ್ಳೆಯದೇ ಆಯಿತು.

ಹೈಸ್ಕೂಲ್ ತಂಡಕ್ಕೆ ಕ್ಯಾಪ್ಟನ್ ಆಗಿದ್ದಾಳೆ. ಆದರೂ ಕ್ಲಬ್‌ಗೆ ಹಾಕಲೇಬೇಕಾ? ಖರ್ಚು ನೋಡಿದರೆ ಭಯ ಆಗುತ್ತೆ.

ಕ್ಲಬ್ ಅಂದರೆ ಶಾಲೆಯ ಹೊರಗೆ ಫೀಸ್ ಕೊಟ್ಟು ಸೇರುವ ತಂಡ. ಕಾಲೇಜಿನಲ್ಲಿ ಆಡುವ ಆಸೆ ಇದ್ದರೆ ಬಹುಮಟ್ಟಿಗೆ ಬೇಕೇ ಬೇಕು. ಕಾರಣ ಕ್ಯಾಲೆಂಡರ್. ಹೆಚ್ಚಿನ ರಾಜ್ಯಗಳಲ್ಲಿ ಹುಡುಗಿಯರ ಹೈಸ್ಕೂಲ್ ಸೀಸನ್ ಆಗಸ್ಟ್‌ನಿಂದ ನವೆಂಬರ್‌ವರೆಗೆ. ಕಾಲೇಜಿನ ಸೀಸನ್ನೂ ಅದೇ ತಿಂಗಳುಗಳಲ್ಲಿ. ಕೋಚ್‌ಗಳು ತಮ್ಮ ತಂಡ ಬಿಟ್ಟು ನಿಮ್ಮ ಶಾಲೆಗೆ ಬರುವುದು ಕಷ್ಟ. ಕ್ಲಬ್ ಸೀಸನ್ ಚಳಿಗಾಲದಿಂದ ಬೇಸಿಗೆವರೆಗೆ ನಡೆಯುತ್ತದೆ. ಆಗ ಅವರಿಗೆ ಬಿಡುವು, ನೂರಾರು ಆಟಗಾರರೂ ಒಂದೇ ಕಡೆ ಸಿಗುತ್ತಾರೆ.

ಖರ್ಚು ನಿಜಕ್ಕೂ ಜಾಸ್ತಿ. ಫೀಸ್ ಕೆಲವು ಸಾವಿರ ಡಾಲರ್. ಮೇಲೆ ವಿಮಾನ, ಹೋಟೆಲ್. ಟೂರ್ನಮೆಂಟ್ ನಡೆಸುವವರು ಹೇಳಿದ ಹೋಟೆಲ್‌ನಲ್ಲೇ ಉಳಿಯಬೇಕು ಅನ್ನುವ ನಿಯಮವೂ ಹಲವು ಕಡೆ ಇದೆ. ಸೇರುವ ಮೊದಲು ಕ್ಲಬ್ ಹತ್ತಿರ ಇಡೀ ವರ್ಷದ ಅಂದಾಜು ಕೇಳಿ, ಬರೆದುಕೊಡಲು ಹೇಳಿ. ಫೀಸ್ ರಿಯಾಯಿತಿ ಇದೆಯಾ ಅಂತಲೂ ಕೇಳಿ. ಕೇಳಿದವರಿಗೆ ಎಷ್ಟೋ ಸಲ ಸಿಗುತ್ತದೆ.

ಇನ್ನೊಂದು ಮಾತು. ಹೆಸರಾಂತ ಕ್ಲಬ್‌ನ ಮೊದಲ ತಂಡದಲ್ಲಿ ಬೆಂಚ್ ಮೇಲೆ ಕೂರುವುದಕ್ಕಿಂತ, ಒಂದು ಮೆಟ್ಟಿಲು ಕೆಳಗಿನ ತಂಡದಲ್ಲಿ ಪ್ರತಿ ಪಂದ್ಯ ಆಡುವುದು ಮೇಲು. ಆಡದಿದ್ದರೆ ವಿಡಿಯೊ ಇಲ್ಲ. ನೋಡಲು ಬಂದ ಕೋಚ್ ಕೂಡ ಬರಿಗೈಯಲ್ಲಿ ಹೋಗುತ್ತಾರೆ.

ಎತ್ತರ 5 ಅಡಿ 4 ಇಂಚು. ನಮ್ಮ ಕಡೆಯವರಿಗೆ ಇದು ಆಗೋ ಹೋಗೋ ಮಾತಾ?

ಎತ್ತರದ ಲೆಕ್ಕ ನಿಜ, ಅದನ್ನು ಮುಚ್ಚಿಡುವುದಿಲ್ಲ. ಹೆಂಗಸರ ನೆಟ್ 2.24 ಮೀಟರ್. ಅದರ ಮುಂದೆ ನಿಂತು ಬ್ಲಾಕ್ ಮಾಡುವ ಜಾಗಗಳಿಗೆ ಡಿವಿಷನ್ 1ರಲ್ಲಿ ಸುಮಾರು 6 ಅಡಿಯವರನ್ನೇ ಹುಡುಕುತ್ತಾರೆ. ಆದರೆ ಹಿಂದಿನ ಸಾಲಿನ ಆಟಕ್ಕೆ ಎತ್ತರ ಅಡ್ಡಿಯಲ್ಲ. ಅಂತರರಾಷ್ಟ್ರೀಯ ನಿಯಮಗಳಿಗೆ 1998ರಲ್ಲಿ ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಿ ಮಾತ್ರ ಆಡುವ ರಕ್ಷಣೆಯ ಜಾಗ, ಸೇರಿದ ಮೇಲೆ ಗಿಡ್ಡ ಆಟಗಾರರಿಗೆ ಒಂದು ಖಾಯಂ ಜಾಗ ಸಿಕ್ಕಿತು. ಅಮೆರಿಕದ ಕಾಲೇಜ್ ಆಟದಲ್ಲಿ ಇನ್ನೊಂದು ಅನುಕೂಲ ಇದೆ. ಅಂತರರಾಷ್ಟ್ರೀಯ ಪಂದ್ಯದಲ್ಲಿ ಒಂದು ಸೆಟ್‌ಗೆ ಆಟಗಾರರ 6 ಬದಲಾವಣೆ ಮಾತ್ರ, ಇಲ್ಲಿ ಹೆಂಗಸರ ಆಟದಲ್ಲಿ 15. ಹಾಗಾಗಿ ಲಿಬೆರೊ ಜೊತೆಗೆ ಸರ್ವ್ ಮಾಡಲು, ಎದುರಾಳಿಯ ಸರ್ವ್ ರಿಸೀವ್ ಮಾಡಲು ಅಂತಲೇ ಒಬ್ಬಿಬ್ಬರನ್ನು ಇಟ್ಟುಕೊಳ್ಳುತ್ತಾರೆ.

ಕಷ್ಟ ಏನೆಂದರೆ, ಎತ್ತರ ಇಲ್ಲದ ಪ್ರತಿಯೊಬ್ಬ ಹುಡುಗಿಯೂ ಆ ಜಾಗಕ್ಕೇ ಬರುತ್ತಾಳೆ. ಅಲ್ಲಿ ಉಳಿಯಬೇಕಾದರೆ ಸರ್ವ್ ರಿಸೀವ್ ಕಲ್ಲಿನ ಹಾಗೆ ಗಟ್ಟಿ ಇರಬೇಕು, ಸರ್ವ್‌ನಲ್ಲಿ ಪಾಯಿಂಟ್ ಬರಬೇಕು. ಸೆಟರ್ (ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು) ಆಗುವ ಕೈ ಇದ್ದರೆ ಅದನ್ನೂ ಬಿಡಬೇಡಿ. ಇಮೇಲ್‌ನಲ್ಲಿ ಎತ್ತರ ಮಾತ್ರ ಬರೆಯದೆ, ಓಡಿಬಂದು ಹಾರಿದಾಗ ಕೈ ಎಷ್ಟು ಎತ್ತರ ಮುಟ್ಟುತ್ತದೆ ಅನ್ನುವ ಅಳತೆಯನ್ನೂ ಬರೆಯಿರಿ. ಕೋಚ್‌ಗಳು ಅದನ್ನು ಹೆಚ್ಚು ನಂಬುತ್ತಾರೆ. ಒಂದಿಂಚೂ ಸೇರಿಸಿ ಬರೆಯಬೇಡಿ. ಕಾಲೇಜುಗಳು ನಡೆಸುವ ಕ್ಯಾಂಪ್‌ನಲ್ಲಿ ಅವರೇ ಅಳೆಯುತ್ತಾರೆ.

## ಕೋಚ್‌ಗಳನ್ನು ತಲುಪುವುದು

ಎಷ್ಟು ಕಾಲೇಜುಗಳಿಗೆ ಬರೆಯಬೇಕು? ಲಿಸ್ಟ್ ಹೇಗೆ ಮಾಡೋದು?

30ರಿಂದ 40 ಕಾಲೇಜುಗಳಿಂದ ಶುರು ಮಾಡಿ. ಎಲ್ಲ ಡಿವಿಷನ್‌ಗಳೂ ಇರಲಿ. ಮೊದಲ ಜರಡಿ ಓದಿನದು: ಬೇಕಾದ ಕೋರ್ಸ್ ಇದೆಯಾ, ಅವಳ ಮಾರ್ಕ್ಸ್‌ಗೆ ಅಡ್ಮಿಷನ್ ಆಗುತ್ತದಾ, ದುಡ್ಡು ಹೊಂದುತ್ತದಾ. ಇದನ್ನು ದಾಟಿದ ಕಾಲೇಜುಗಳನ್ನು ಮಾತ್ರ ವಾಲಿಬಾಲ್ ದೃಷ್ಟಿಯಿಂದ ನೋಡಿ.

ಎರಡನೆಯ ಜರಡಿ ರೋಸ್ಟರ್. ಪ್ರತಿ ಕಾಲೇಜಿನ ತಂಡದ ಪುಟದಲ್ಲಿ ಆಟಗಾರರ ಹೆಸರು, ಪೊಸಿಷನ್, ಎತ್ತರ, ಯಾವ ವರ್ಷ ಅನ್ನುವುದು ಇರುತ್ತದೆ. ಮಗಳನ್ನು ಕೂರಿಸಿಕೊಂಡು ಓದಿಸಿ. ಅವಳು ಕಾಲೇಜಿಗೆ ಕಾಲಿಡುವ ವರ್ಷ ಅವಳ ಪೊಸಿಷನ್‌ನಲ್ಲಿ ಯಾರ್ಯಾರು ಇನ್ನೂ ಇರುತ್ತಾರೆ ಅಂತ ಎಣಿಸಲಿ. ಅವಳಿಗಿಂತ ಒಂದು ವರ್ಷ ಮುಂದೆ ಮೂವರು ಸೆಟರ್‌ಗಳಿದ್ದರೆ ಆ ಕಾಲೇಜಿಗೆ ಇನ್ನೊಬ್ಬ ಸೆಟರ್ ಬೇಡ. ಇಬ್ಬರು ಲಿಬೆರೊಗಳು ಒಟ್ಟಿಗೆ ಹೊರಟರೆ ಅಲ್ಲಿ ಜಾಗ ಖಾಲಿ. ಈಗಿರುವ ಆಟಗಾರರ ಎತ್ತರ ನೋಡಿದರೆ ಆ ಕೋಚ್‌ಗೆ ಎಂಥವರು ಬೇಕು ಅನ್ನುವುದೂ ತಿಳಿಯುತ್ತದೆ. ಈ ಒಂದು ಕೆಲಸ ಮಾಡಿದರೆ ಅರ್ಧ ನಿರಾಸೆ ತಪ್ಪುತ್ತದೆ. ತುಂಬಾ ಜನ ಇದನ್ನು ಮಾಡುವುದೇ ಇಲ್ಲ, ಅದೇ ನನಗೆ ಬೇಸರ.

ಇಮೇಲ್ ನಾನೇ ಬರೆದುಕೊಡ್ತೀನಿ. ಅವಳಿಗೆ ಹೋಮ್‌ವರ್ಕ್ ಜಾಸ್ತಿ ಇದೆ. ಪರವಾಗಿಲ್ವಾ?

ಬೇಡ. ಇಮೇಲ್ ಅವಳದ್ದೇ ಅಕೌಂಟ್‌ನಿಂದ, ಅವಳದ್ದೇ ಮಾತಿನಲ್ಲಿ ಹೋಗಬೇಕು. ನಾಲ್ಕು ವರ್ಷ ಆ ಕೋಚ್ ಜೊತೆ ಇರುವವಳು ಅವಳು. ಅಪ್ಪ ಬರೆದ ಪತ್ರ ಯಾವುದು, ಹುಡುಗಿ ಬರೆದದ್ದು ಯಾವುದು ಅಂತ ಕೋಚ್‌ಗಳಿಗೆ ಎರಡು ಸಾಲಿನಲ್ಲಿ ಗೊತ್ತಾಗುತ್ತದೆ. ನೀವು ಕಾಗುಣಿತ ನೋಡಿ, ಲಿಂಕ್ ತೆರೆಯುತ್ತದಾ ಅಂತ ನೋಡಿ, ಅಷ್ಟು ಸಾಕು.

ವಿಷಯದ ಸಾಲಿನಲ್ಲಿ ಹೈಸ್ಕೂಲ್ ಮುಗಿಸುವ ವರ್ಷ, ಪೊಸಿಷನ್, ಎತ್ತರ, ಹೆಸರು. ಒಳಗೆ ಕ್ಲಬ್ ತಂಡದ ಹೆಸರು, ಜರ್ಸಿ ನಂಬರ್, ಜಿಪಿಎ (ಮಾರ್ಕ್ಸ್‌ನ ಸರಾಸರಿ, ಸಾಮಾನ್ಯವಾಗಿ 4ಕ್ಕೆ), ವಿಡಿಯೊ ಲಿಂಕ್, ಕ್ಲಬ್ ಕೋಚ್‌ನ ಫೋನ್. ಜೊತೆಗೆ ಆ ಕಾಲೇಜಿನ ಬಗ್ಗೆ ಒಂದೆರಡು ನಿಜವಾದ ಸಾಲು: ಅವರ ಯಾವ ಪಂದ್ಯ ನೋಡಿದಳು, ಯಾವ ಕೋರ್ಸ್ ಓದಬೇಕು ಅಂತಿದ್ದಾಳೆ. ಹೆಡ್ ಕೋಚ್‌ಗೆ ಮಾತ್ರವಲ್ಲ, ರಿಕ್ರೂಟಿಂಗ್, ಅಂದರೆ ಹೊಸ ಆಟಗಾರರ ಆಯ್ಕೆ, ನೋಡಿಕೊಳ್ಳುವ ಅಸಿಸ್ಟೆಂಟ್ ಕೋಚ್‌ಗೂ ಕಳಿಸಲಿ. ಟೂರ್ನಮೆಂಟ್ ಇರುವ ವಾರ ಮತ್ತೊಂದು ಚಿಕ್ಕ ಇಮೇಲ್: ಯಾವ ದಿನ, ಎಷ್ಟು ಗಂಟೆಗೆ, ಯಾವ ಕೋರ್ಟ್.

ಹತ್ತಾರು ಇಮೇಲ್ ಕಳಿಸಿದ್ದಾಳೆ, ಒಬ್ಬರೂ ಉತ್ತರ ಕೊಡಲ್ಲ. ಬೇಡ ಅಂತಾನಾ?

ಅವಳು ಯಾವ ಗ್ರೇಡ್ ಅಂತ ಮೊದಲು ನೋಡಿ. ಡಿವಿಷನ್ 1 ಕೋಚ್‌ಗಳು 10ನೇ ಗ್ರೇಡ್ ಮುಗಿದ ಮೇಲೆ ಬರುವ ಜೂನ್ 15ಕ್ಕೆ ಮೊದಲು ಆಟಗಾರರಿಗೆ ರಿಕ್ರೂಟಿಂಗ್ ಬಗ್ಗೆ ಫೋನ್, ಮೆಸೇಜ್, ಇಮೇಲ್ ಯಾವುದನ್ನೂ ಮಾಡುವಂತಿಲ್ಲ. ಅದಕ್ಕೆ ಮೊದಲು ಕ್ಯಾಂಪ್ ಮಾಹಿತಿ, ಕಾಲೇಜಿನ ಪ್ರಶ್ನಾವಳಿ ಮಾತ್ರ ಕಳಿಸಬಹುದು. ಉತ್ತರ ಬರದಿದ್ದರೂ ಅವರು ಓದುತ್ತಿರುತ್ತಾರೆ. ಪ್ರಶ್ನಾವಳಿ ಬಂದರೆ ಅದೇ ದಿನ ತುಂಬಿಸಿ. ಜೂನ್ 15ಕ್ಕೆ ಫೋನ್ ಬರಬೇಕಾದರೆ ಪರಿಚಯ ಅದಕ್ಕೆ ಎಷ್ಟೋ ತಿಂಗಳ ಮೊದಲೇ ಆಗಿರಬೇಕು. ಡಿವಿಷನ್ 3 ಮತ್ತು ಎನ್‌ಎಐಎ ಕೋಚ್‌ಗಳಿಗೆ ಇಷ್ಟು ಬಿಗಿ ಇಲ್ಲ, ಅವರು ಮೊದಲೇ ಬರೆಯಬಹುದು.

ಜೂನ್ 15 ದಾಟಿ, ಎರಡು ಮೂರು ಸಲ ಬರೆದ ಮೇಲೂ ಸುಮ್ಮನಿದ್ದರೆ ಆ ಕಾಲೇಜನ್ನು ಲಿಸ್ಟ್‌ನಿಂದ ತೆಗೆಯಿರಿ.

ವಿಡಿಯೊ ಹೇಗಿರಬೇಕು? ಒಳ್ಳೆ ಎಡಿಟರ್ ಹತ್ತಿರ ಮಾಡಿಸಬೇಕಾ?

ಎಡಿಟರ್ ಬೇಡ. ಫೋನ್ ಮತ್ತು ಒಂದು ಎತ್ತರದ ಸ್ಟ್ಯಾಂಡ್ ಸಾಕು. ಕ್ಯಾಮೆರಾ ಕೋರ್ಟ್‌ನ ಹಿಂದೆ, ಎಂಡ್ ಲೈನ್ ಕಡೆ, ಸ್ವಲ್ಪ ಎತ್ತರದಲ್ಲಿ ಇರಲಿ. ಆಗ ಇಡೀ ಕೋರ್ಟ್, ಬ್ಲಾಕ್, ಚೆಂಡು ಎಲ್ಲಿ ಬಿತ್ತು ಎಲ್ಲವೂ ಕಾಣುತ್ತದೆ. ಪಕ್ಕದಿಂದ ತೆಗೆದ ವಿಡಿಯೊದಲ್ಲಿ ಅರ್ಧ ಆಟ ಕಾಣುವುದೇ ಇಲ್ಲ. ಚೆಂಡಿನ ಹಿಂದೆ ಜೂಮ್ ಮಾಡಿಕೊಂಡು ಓಡಬೇಡಿ.

ಮೂರು ನಾಲ್ಕು ನಿಮಿಷದ ಒಂದು ವಿಡಿಯೊ, ಕತ್ತರಿ ಹಾಕದ ಒಂದು ಪೂರ್ತಿ ಸೆಟ್, ಎರಡೂ ಇರಲಿ. ಮೊದಲ ಅರ್ಧ ನಿಮಿಷದಲ್ಲೇ ಅವಳ ಒಳ್ಳೆಯ ಆಟ ಬರಬೇಕು. ಪ್ರತಿ ತುಣುಕಿನ ಶುರುವಿಗೆ ಅವಳು ಯಾರು ಅಂತ ಒಂದು ಬಾಣದ ಗುರುತು. ಹಾಡು, ಸ್ಲೋ ಮೋಷನ್ ಯಾವುದೂ ಬೇಡ. ಬರೀ ಪಾಯಿಂಟ್ ಬಂದ ಹೊಡೆತಗಳನ್ನೇ ಹಾಕಬೇಡಿ. ಸೆಟರ್ ಆದರೆ ಕೆಟ್ಟ ಪಾಸ್‌ನ ಹಿಂದೆ ಓಡಿ ಹೋಗಿ ಕೊಟ್ಟ ಸೆಟ್ ಇರಲಿ. ಮಿಡಲ್ ಬ್ಲಾಕರ್ (ನೆಟ್‌ನ ಮಧ್ಯದಲ್ಲಿ ನಿಂತು ಬ್ಲಾಕ್ ಮಾಡುವವಳು) ಆದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಅವಳ ಹೆಜ್ಜೆ ಕಾಣಲಿ, ಚೆಂಡು ಅವಳಿಗೆ ಬರದಿದ್ದರೂ ಸರಿ. ಔಟ್‌ಸೈಡ್ ಹಿಟರ್ (ನೆಟ್‌ನ ಎಡ ತುದಿಯಿಂದ ಹೊಡೆಯುವವಳು) ಆದರೆ ಸರ್ವ್ ರಿಸೀವ್ ಖಂಡಿತ ಬೇಕು.

ಪೂರ್ತಿ ಸೆಟ್‌ನಲ್ಲಿ ಕೋಚ್‌ಗಳು ನೋಡುವುದು ತಪ್ಪಾದ ಮೇಲಿನ ಐದು ಸೆಕೆಂಡ್. ಮುಖ ಸಿಂಡರಿಸುತ್ತಾಳಾ, ಜೊತೆಯವರ ಬೆನ್ನು ತಟ್ಟುತ್ತಾಳಾ, ಮುಂದಿನ ಚೆಂಡಿಗೆ ಸಿದ್ಧ ಆಗುತ್ತಾಳಾ. ಅದನ್ನು ಎಡಿಟ್ ಮಾಡಲು ಆಗುವುದಿಲ್ಲ.

ರಿಕ್ರೂಟಿಂಗ್ ಕಂಪನಿಯವರು ಸಾವಿರಾರು ಡಾಲರ್ ಕೇಳ್ತಿದ್ದಾರೆ. ಕೊಡಬೇಕಾ?

ಅವರು ಮಾಡುವುದು ಪ್ರೊಫೈಲ್ ಪುಟ, ಕೋಚ್‌ಗಳ ವಿಳಾಸ ಪಟ್ಟಿ, ಇಮೇಲ್ ಸಾಧನ, ಸ್ವಲ್ಪ ಸಲಹೆ. ಇದನ್ನೆಲ್ಲ ಮನೆಯಲ್ಲೇ ಮಾಡಬಹುದು. ಕೋಚ್‌ಗಳ ಇಮೇಲ್ ವಿಳಾಸ ಕಾಲೇಜಿನ ವೆಬ್‌ಸೈಟ್‌ನಲ್ಲೇ ಇದೆ. ನಿಮ್ಮ ಕ್ಲಬ್‌ನಲ್ಲಿ ರಿಕ್ರೂಟಿಂಗ್ ನೋಡಿಕೊಳ್ಳುವವರು ಇದ್ದರೆ ಮೊದಲು ಅವರ ಹತ್ತಿರ ಹೋಗಿ, ಅದರ ದುಡ್ಡು ನಿಮ್ಮ ಫೀಸಿನಲ್ಲೇ ಸೇರಿರುತ್ತದೆ. ಯಾವ ಕಂಪನಿಯೂ ಆಫರ್ ತಂದುಕೊಡಲಾರದು. ಹಾಗೆ ಭರವಸೆ ಕೊಟ್ಟವರ ಹತ್ತಿರ ಮಾತು ಅಲ್ಲಿಗೇ ನಿಲ್ಲಿಸಿ.

ದೊಡ್ಡ ಯೂನಿವರ್ಸಿಟಿಯಿಂದ ಕ್ಯಾಂಪ್‌ಗೆ ಬನ್ನಿ ಅಂತ ಪತ್ರ ಬಂದಿದೆ! ಆಯ್ಕೆ ಆದಳು ಅಂತಾನಾ?

ಇಲ್ಲ. ಅಂಥ ಪತ್ರ ನೂರಾರು ಜನಕ್ಕೆ ಹೋಗುತ್ತದೆ. ಪತ್ರದಲ್ಲಿ ಅವಳ ಆಟದ ಬಗ್ಗೆ ನಿರ್ದಿಷ್ಟವಾಗಿ ಬರೆದಿದ್ದರೆ, ಅಥವಾ ಅವರು ಅವಳ ಕೋರ್ಟ್ ಹತ್ತಿರ ಬಂದು ನೋಡಿದ್ದರೆ ಹೋಗಿ. ಅವಳ ಲಿಸ್ಟ್‌ನಲ್ಲಿ ಮೇಲಿರುವ ಎರಡು ಮೂರು ಕಾಲೇಜಿನ ಕ್ಯಾಂಪ್ ಸಾಕು.

ಟೂರ್ನಮೆಂಟ್‌ನಲ್ಲಿ ಕೋಚ್ ನಮ್ಮ ಪಕ್ಕದಲ್ಲೇ ನಿಂತಿದ್ದರು. ಮಾತಾಡಿಸಬಹುದಿತ್ತಾ?

ಒಂದು ನಮಸ್ಕಾರ, ಒಂದು ನಗು ಸಾಕು. ಟೂರ್ನಮೆಂಟ್ ನಡೆಯುವಾಗ ಅವರಿಗೆ ಮಾತಿನ ನಿಯಮಗಳಿವೆ, ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಅವರು ಮಗಳನ್ನು ನೋಡುವಾಗ ಮನೆಯವರನ್ನೂ ನೋಡುತ್ತಿರುತ್ತಾರೆ. ರೆಫ್ರಿ ಮೇಲೆ ಕೂಗುವ ಅಪ್ಪ, ಪ್ರತಿ ತಪ್ಪಿಗೂ ಸ್ಟ್ಯಾಂಡ್‌ನಿಂದ ಸೂಚನೆ ಕೊಡುವ ಅಮ್ಮ ಇದ್ದರೆ ಕೋಚ್‌ನ ಪಟ್ಟಿಯಲ್ಲಿ ಮಗಳ ಹೆಸರಿನ ಮುಂದೆ ಒಂದು ಗುರುತು ಬೀಳುತ್ತದೆ.

## ಓದು, ದುಡ್ಡು, ವೀಸಾ

ಮಾರ್ಕ್ಸ್ ಎಷ್ಟಿದ್ದರೆ ಸಾಕು?

ಡಿವಿಷನ್ 1ಕ್ಕೆ ಹೈಸ್ಕೂಲ್‌ನಲ್ಲಿ 16 ಕೋರ್ ಕೋರ್ಸ್ (ಎನ್‌ಸಿಎಎ ಒಪ್ಪಿದ ಮುಖ್ಯ ವಿಷಯಗಳು) ಬೇಕು, ಅವುಗಳಲ್ಲಿ ಕನಿಷ್ಠ 2.3 ಜಿಪಿಎ. 16ರಲ್ಲಿ 10 ಕೋರ್ಸ್ 12ನೇ ಗ್ರೇಡ್ ಶುರುವಾಗುವ ಮೊದಲೇ ಮುಗಿದಿರಬೇಕು, ಆ 10ರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದವು. ಡಿವಿಷನ್ 2ಕ್ಕೆ 2.2 ಜಿಪಿಎ. ಎನ್‌ಸಿಎಎ ಅರ್ಹತೆಗೆ ಎಸ್ಎಟಿ, ಎಸಿಟಿ ಪರೀಕ್ಷೆಗಳು ಈಗ ಬೇಡ, ಆದರೆ ಕಾಲೇಜು ತನ್ನ ಅಡ್ಮಿಷನ್‌ಗೆ ಕೇಳಬಹುದು. ಡಿವಿಷನ್ 3ರಲ್ಲಿ ಆಯಾ ಕಾಲೇಜಿನ ಅಡ್ಮಿಷನ್ ನಿಯಮವೇ ನಿಯಮ.

ನಮ್ಮ ಮಕ್ಕಳಿಗೆ 2.3 ದೊಡ್ಡದಲ್ಲ. ಆದರೆ ಒಂದು ಎಚ್ಚರಿಕೆ: ಆನ್‌ಲೈನ್‌ನಲ್ಲಿ ಬೇಸಿಗೆಯಲ್ಲಿ ಮುಗಿಸಿದ ಕೋರ್ಸ್ ಎನ್‌ಸಿಎಎ ಒಪ್ಪಿದ ಪಟ್ಟಿಯಲ್ಲಿ ಇಲ್ಲದಿರಬಹುದು. ಮುಂದಿನ ಕ್ಲಾಸಿಗೆ ಬೇಗ ಹಾರಲಿ ಅಂತ ಹಾಗೆ ಮಾಡಿಸುವ ಮನೆಗಳು ತುಂಬಾ. ಸೇರಿಸುವ ಮೊದಲೇ ಸ್ಕೂಲ್ ಕೌನ್ಸೆಲರ್ ಹತ್ತಿರ ಕೇಳಿ.

ಇಂಜಿನಿಯರಿಂಗ್ ಓದಿಕೊಂಡು ಆಡೋಕಾಗುತ್ತಾ? ಪ್ರಿ-ಮೆಡ್ (ಮೆಡಿಕಲ್‌ಗೆ ಮೊದಲಿನ ಓದು)?

ಆಗುತ್ತದೆ, ಎಲ್ಲ ಕಡೆಯೂ ಆಗುವುದಿಲ್ಲ. ಎನ್‌ಸಿಎಎ ಪ್ರಕಾರ ಸೀಸನ್‌ನಲ್ಲಿ ವಾರಕ್ಕೆ ಹೆಚ್ಚೆಂದರೆ 20 ಗಂಟೆ ಅಭ್ಯಾಸ ಮತ್ತು ಪಂದ್ಯ. ಆದರೆ ಬಸ್ಸು, ವಿಮಾನದ ಸಮಯ ಆ 20ರಲ್ಲಿ ಬರುವುದಿಲ್ಲ. ಪಂದ್ಯ ಎಷ್ಟು ಹೊತ್ತು ನಡೆದರೂ 3 ಗಂಟೆ ಅಂತ ಲೆಕ್ಕ. ಹೆಂಗಸರ ಸೀಸನ್ ಆಗಸ್ಟ್ ಕೊನೆಗೆ ಶುರು. ಅಂದರೆ ಕಾಲೇಜಿನ ಮೊಟ್ಟಮೊದಲ ಸೆಮಿಸ್ಟರ್, ಹೊಸ ಊರು, ಕೆಮಿಸ್ಟ್ರಿ, ಕ್ಯಾಲ್ಕ್ಯುಲಸ್, ಜೊತೆಗೆ ದೇಶವಿಡೀ ಸುತ್ತಾಟ, ಎಲ್ಲ ಒಟ್ಟಿಗೆ. ಮಧ್ಯಾಹ್ನದ ಲ್ಯಾಬ್ ಮತ್ತು ಮಧ್ಯಾಹ್ನದ ಅಭ್ಯಾಸ ಒಂದೇ ಹೊತ್ತಿಗೆ ಬೀಳುವುದೇ ದೊಡ್ಡ ತಲೆನೋವು.

"ಆಗುತ್ತಾ?" ಅಂತ ಕೋಚ್‌ನ ಕೇಳಿದರೆ "ಖಂಡಿತ" ಅಂತಲೇ ಹೇಳುತ್ತಾರೆ. ಹೀಗೆ ಕೇಳಿ: ಈಗ ತಂಡದಲ್ಲಿ ಇಂಜಿನಿಯರಿಂಗ್ ಓದುತ್ತಿರುವವರು ಯಾರು? ಲ್ಯಾಬ್ ಇದ್ದ ದಿನ ಅವರು ಅಭ್ಯಾಸಕ್ಕೆ ಏನು ಮಾಡುತ್ತಾರೆ? ಅವರ ಜೊತೆ ಮಗಳು ಮಾತಾಡಬಹುದಾ? ರೋಸ್ಟರ್ ಪುಟದಲ್ಲಿ ಹೆಸರಿನ ಜೊತೆ ಓದುವ ವಿಷಯವನ್ನೂ ಎಷ್ಟೋ ಕಾಲೇಜುಗಳು ಹಾಕಿರುತ್ತವೆ. ಇಡೀ ತಂಡದಲ್ಲಿ ಒಬ್ಬಳೂ ಇಂಜಿನಿಯರಿಂಗ್ ಇಲ್ಲದಿದ್ದರೆ ಅದೇ ನಿಮ್ಮ ಉತ್ತರ. ಆಟ ನಾಲ್ಕು ವರ್ಷದ್ದು. ಚೆಂಡು ಇಲ್ಲದಿದ್ದರೂ ಅವಳು ಓದಲು ಇಷ್ಟಪಡುವ ಕಾಲೇಜನ್ನೇ ಆರಿಸಿ. ಯಾರೇ ಕೇಳಿದರೂ ನಾನು ಮೊದಲು ಹೇಳುವ ಮಾತು ಇದೇ.

ಫುಲ್ ಸ್ಕಾಲರ್‌ಶಿಪ್ ಸಿಗುತ್ತಾ?

ಮೊದಲು ಡಿವಿಷನ್ 1 ಹೆಂಗಸರ ವಾಲಿಬಾಲ್‌ನಲ್ಲಿ 12 ಸ್ಕಾಲರ್‌ಶಿಪ್ ಇದ್ದವು, ಕೊಟ್ಟವರಿಗೆ ಪೂರ್ತಿಯೇ ಕೊಡುತ್ತಿದ್ದರು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಹೌಸ್ ಕೇಸಿನ (ಆಟಗಾರರು ಎನ್‌ಸಿಎಎ ಮೇಲೆ ಹೂಡಿದ ದಾವೆ) ರಾಜಿ ಒಪ್ಪಂದದ ನಂತರ ಲೆಕ್ಕ ಬದಲಾಯಿತು. ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಈಗ ಮಿತಿ ಇರುವುದು ತಂಡದ ಸಂಖ್ಯೆಗೆ: 18 ಜನ. ಆ 18ರಲ್ಲಿ ಎಷ್ಟು ಜನಕ್ಕೆ, ಎಷ್ಟೆಷ್ಟು ಕೊಡಬೇಕು ಅನ್ನುವುದು ಕಾಲೇಜಿನ ಇಷ್ಟ. ದುಡ್ಡಿರುವ ಕಡೆ ಹೆಚ್ಚು ಜನಕ್ಕೆ ಪೂರ್ತಿ ಸಿಗಬಹುದು, ಇಲ್ಲದ ಕಡೆ ಹಂಚಿಕೊಡುತ್ತಾರೆ. ಹಾಗಾಗಿ "ಸ್ಕಾಲರ್‌ಶಿಪ್ ಕೊಡ್ತೀವಿ" ಅಂದಾಗ ಶೇಕಡಾ ಎಷ್ಟು, ಎಷ್ಟು ವರ್ಷಕ್ಕೆ, ಗಾಯವಾದರೂ ಇರುತ್ತದಾ ಅಂತ ಕೇಳಬೇಕು.

ಹೆಣ್ಣುಮಕ್ಕಳಿಗೆ ಇಷ್ಟು ತಂಡಗಳು ಇರುವುದಕ್ಕೆ 1972ರ ಟೈಟಲ್ 9 ಕಾನೂನು ದೊಡ್ಡ ಕಾರಣ. ಕ್ರೀಡೆಯಲ್ಲೂ ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡಲೇಬೇಕು ಅಂದಿತು ಅದು. 2023ರ ಆಗಸ್ಟ್ 30ರಂದು ನೆಬ್ರಾಸ್ಕಾ ತಂಡದ ಪಂದ್ಯ ನೋಡಲು ಫುಟ್‌ಬಾಲ್ ಸ್ಟೇಡಿಯಂನಲ್ಲಿ 92,003 ಜನ ಸೇರಿದ್ದರು. ಹೆಣ್ಣುಮಕ್ಕಳ ವಾಲಿಬಾಲ್‌ಗೆ ಅಷ್ಟು ಜನ! ನಮ್ಮ ಹುಡುಗಿಯರಿಗೆ ಆ ವಿಡಿಯೊ ತೋರಿಸಿ.

ಡಿವಿಷನ್ 3ರಲ್ಲಿ ಆಟದ ದುಡ್ಡು ಇಲ್ಲದಿದ್ದರೂ ಓದಿನ ಸ್ಕಾಲರ್‌ಶಿಪ್, ಮನೆಯ ಆದಾಯ ನೋಡಿ ಕೊಡುವ ನೆರವು ಇವೆ. ಒಳ್ಳೆ ಮಾರ್ಕ್ಸ್ ಇರುವವರಿಗೆ ಅದು ಡಿವಿಷನ್ 2ರ ಭಾಗಶಃ ಸ್ಕಾಲರ್‌ಶಿಪ್‌ಗಿಂತ ಜಾಸ್ತಿ ಆದದ್ದೂ ಉಂಟು.

ವಾಲಿಬಾಲ್ ಮೂಲಕ ಹಾರ್ವರ್ಡ್, ಪ್ರಿನ್ಸ್‌ಟನ್‌ಗೆ ಹೋಗಬಹುದು ಅಂತಾರೆ. ನಿಜವಾ?

ಇವೆರಡೂ ಇರುವ ಐವಿ ಲೀಗ್ ಎಂಬ ಎಂಟು ಯೂನಿವರ್ಸಿಟಿಗಳ ಕೂಟ ಡಿವಿಷನ್ 1 ಆದರೂ ಆಟಕ್ಕೆ ದುಡ್ಡು ಕೊಡುವುದಿಲ್ಲ, ಮನೆಯ ಆದಾಯದ ಮೇಲೆ ನೆರವು ಕೊಡುತ್ತದೆ. ಕೋಚ್‌ಗೆ ಬೇಕಾದ ಆಟಗಾರರಿಗೆ ಅಡ್ಮಿಷನ್‌ನಲ್ಲಿ ದೊಡ್ಡ ಬೆಂಬಲ ಸಿಗುತ್ತದೆ, ನಿಜ. ಆದರೆ ಅದು ಸಿಗುವುದು ಡಿವಿಷನ್ 1 ಮಟ್ಟದಲ್ಲಿ ಆಡಬಲ್ಲವರಿಗೆ ಮಾತ್ರ, ಅವರ ಮಾರ್ಕ್ಸ್ ಕೂಡ ಆ ಕಾಲೇಜಿಗೆ ತಕ್ಕ ಹಾಗಿರಬೇಕು. 11ನೇ ಗ್ರೇಡ್ ಮುಗಿದ ಬೇಸಿಗೆಯಲ್ಲಿ ಕೋಚ್ ಅವಳ ಮಾರ್ಕ್ಸ್ ಕಾರ್ಡನ್ನು ಅಡ್ಮಿಷನ್ ಆಫೀಸಿಗೆ ಕೊಟ್ಟು ಅಭಿಪ್ರಾಯ ಕೇಳುವ ಪದ್ಧತಿ ಇದೆ. ಡಿವಿಷನ್ 3ರ ಕಠಿಣ ಕಾಲೇಜುಗಳಲ್ಲೂ ಹೀಗೇ. ಎಂಐಟಿಯಲ್ಲಿ ಕೋಚ್ ಶಿಫಾರಸು ಮಾಡಬಹುದು, ತೀರ್ಮಾನ ಅಡ್ಮಿಷನ್ ಆಫೀಸಿನದು. ಅಡ್ಮಿಷನ್ ಒಂದಕ್ಕೇ ಅಂತ ಮಗಳನ್ನು ಈ ಆಟಕ್ಕೆ ತಳ್ಳಬೇಡಿ. ಅಷ್ಟು ಗಂಟೆಗಳ ಅಭ್ಯಾಸವನ್ನು ಇಷ್ಟವಿಲ್ಲದೆ ಯಾರೂ ಮಾಡಲಾರರು.

ನಮ್ಮದು ಇನ್ನೂ ಎಚ್-1ಬಿ ಕೆಲಸದ ವೀಸಾ, ಮಗಳದ್ದು ಅದರ ಮೇಲಿನ ಎಚ್-4. ತೊಂದರೆ ಇದೆಯಾ?

ರಿಕ್ರೂಟ್ ಆಗಲು, ಆಡಲು, ಆಟದ ಸ್ಕಾಲರ್‌ಶಿಪ್ ತೆಗೆದುಕೊಳ್ಳಲು ವೀಸಾ ಅಡ್ಡಿ ಬರುವುದಿಲ್ಲ. ಮೂರು ವಿಷಯ ಮೊದಲೇ ತಿಳಿದಿರಲಿ. ಒಂದು, ಫಾಫ್ಸಾ ಅನ್ನುವ ಅರ್ಜಿಯ ಮೂಲಕ ಸಿಗುವ ಸರ್ಕಾರದ ನೆರವು ಎಚ್-4 ಮಕ್ಕಳಿಗೆ ಇಲ್ಲ. ರಾಜ್ಯದ ಯೂನಿವರ್ಸಿಟಿಯಲ್ಲಿ ಸ್ಥಳೀಯರ ಫೀಸ್ ಸಿಗುತ್ತದಾ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಎರಡು, 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಅದು ಸಾಮಾನ್ಯವಾಗಿ ಕಾಲೇಜಿನ ಮಧ್ಯದಲ್ಲೇ ಬೀಳುತ್ತದೆ. ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಯಿಸುವ ಯೋಚನೆ ಮೊದಲೇ ಇರಲಿ. ಮೂರು, 2021ರ ಜುಲೈಯಿಂದ ಕಾಲೇಜ್ ಆಟಗಾರರು ಜಾಹೀರಾತಿನಿಂದ ದುಡ್ಡು ಮಾಡಬಹುದು. ಎಚ್-4 ಮಕ್ಕಳಿಗೆ ಕೆಲಸದ ಅನುಮತಿ ಇಲ್ಲ, ಎಫ್-1ನಲ್ಲಿ ಬಿಗಿ ಮಿತಿಗಳಿವೆ. ಯಾರಾದರೂ ದುಡ್ಡು ಕೊಡ್ತೀವಿ, ಪೋಸ್ಟ್ ಹಾಕಿ ಅಂದರೆ ಇಮಿಗ್ರೇಷನ್ ವಕೀಲರನ್ನು ಕೇಳದೆ ಹೂಂ ಅನ್ನಬೇಡಿ. ಸಣ್ಣ ಮೊತ್ತಕ್ಕೆ ವೀಸಾ ಕಳೆದುಕೊಳ್ಳುವುದು ಬೇಡ.

ಈ ಸ್ಥಿತಿಯನ್ನು ಕೋಚ್‌ಗೆ ಆಫರ್ ಮಾತು ಬಂದ ಕೂಡಲೇ ತಿಳಿಸಿ, ಮುಚ್ಚಿಡಬೇಡಿ.

## ತೀರ್ಮಾನದ ಹೊತ್ತಿಗೆ

ಫೋನ್‌ನಲ್ಲಿ ಆಫರ್ ಕೊಟ್ಟರು, ಎರಡು ವಾರದಲ್ಲಿ ಹೇಳಿ ಅಂತಾರೆ. ಏನು ಮಾಡೋದು?

ಬಾಯಿಮಾತಿನ ಆಫರ್, ಬಾಯಿಮಾತಿನ ಒಪ್ಪಿಗೆ ಎರಡೂ ಯಾರನ್ನೂ ಕಟ್ಟಿಹಾಕುವುದಿಲ್ಲ. ಈ ಕಾಲೇಜಿಗೇ ಬರುತ್ತೇನೆ ಅಂತ ಸಹಿ ಹಾಕುತ್ತಿದ್ದ ಹಳೆಯ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ 2024ರ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಈಗ ಬರಹದಲ್ಲಿ ಬರುವುದು ಹಣಕಾಸಿನ ಒಪ್ಪಂದ. ಅದಕ್ಕೆ ಸಹಿ ಬೀಳುವುದು 12ನೇ ಗ್ರೇಡಿನಲ್ಲಿ.

ಸಮಯ ಬೇಕಿದ್ದರೆ ಕೇಳಲಿ, ಮಗಳೇ ಕೇಳಲಿ. ಬೇರೆ ಕಾಲೇಜುಗಳಿಗೂ "ನನಗೆ ಒಂದು ಆಫರ್ ಇದೆ, ಇಂಥ ದಿನದೊಳಗೆ ಹೇಳಬೇಕು" ಅಂತ ಬರೆಯಲಿ. ಅವರ ನಿಜವಾದ ಆಸಕ್ತಿ ಆಗ ತಿಳಿಯುತ್ತದೆ. ಕಾಲೇಜನ್ನೇ ನೋಡದೆ ಒಪ್ಪುವುದು ಬೇಡ.

ಕಾಲೇಜ್ ನೋಡೋಕೆ ಹೋದಾಗ ಏನೇನು ಗಮನಿಸಬೇಕು?

ಡಿವಿಷನ್ 1ರಲ್ಲಿ ಭೇಟಿಗಳು 11ನೇ ಗ್ರೇಡಿಗೆ ಮೊದಲ ಆಗಸ್ಟ್ 1ರಿಂದ. ಅಫಿಷಿಯಲ್ ವಿಸಿಟ್ ಆದರೆ ಮಗಳ ಖರ್ಚು ಕಾಲೇಜಿನದು, ಅನ್‌ಅಫಿಷಿಯಲ್ ಆದರೆ ನಿಮ್ಮದು. ಜಿಮ್, ಲಾಕರ್ ರೂಮ್ ಎಲ್ಲ ಕಡೆಯೂ ಹೊಳೆಯುತ್ತವೆ. ಅಭ್ಯಾಸ ನೋಡಲು ಬಿಡಿ ಅಂತ ಕೇಳಿ. ಆಡದೆ ಬೆಂಚ್‌ನಲ್ಲಿರುವ ಹುಡುಗಿಯರ ಜೊತೆ ಕೋಚ್ ಹೇಗೆ ಮಾತಾಡುತ್ತಾರೆ ಅಂತ ನೋಡಿ. ರಾತ್ರಿ ತಂಡದವರ ಜೊತೆ ಮಗಳನ್ನು ಬಿಟ್ಟು ಬನ್ನಿ. ಹಳೆಯ ರೋಸ್ಟರ್‌ಗಳನ್ನು ತೆಗೆದು, ಸೇರಿದವರಲ್ಲಿ ಎಷ್ಟು ಜನ ನಾಲ್ಕನೆಯ ವರ್ಷಕ್ಕೂ ಉಳಿದರು ಅಂತ ಎಣಿಸಿ. ಸಸ್ಯಾಹಾರಿಗಳಾದರೆ ತಂಡದ ಪ್ರಯಾಣದಲ್ಲಿ ಊಟ ಹೇಗೆ ಅಂತಲೂ ಕೇಳಿ. ವಾರಗಟ್ಟಲೆ ಬ್ರೆಡ್ ತಿಂದು ಯಾರೂ ಆಡಲಾರರು.

ಮಗನಿಗೂ ಇದೇ ದಾರಿನಾ?

ದಾರಿ ಅದೇ, ಜಾಗ ತುಂಬಾ ಕಡಿಮೆ. ಡಿವಿಷನ್ 1ರಲ್ಲಿ ಗಂಡಸರ ತಂಡ ಇರುವ ಕಾಲೇಜುಗಳು ಹೆಂಗಸರದ್ದರ ಹತ್ತನೆಯ ಒಂದು ಭಾಗದ ಆಸುಪಾಸು. ಸೀಸನ್ ಕೂಡ ವಸಂತದಲ್ಲಿ. ಡಿವಿಷನ್ 3 ಮತ್ತು ಎನ್‌ಎಐಎಯಲ್ಲಿ ಹೊಸ ತಂಡಗಳು ಬರುತ್ತಿವೆ, ಹುಡುಗರು ಅಲ್ಲಿ ಮೊದಲು ನೋಡಲಿ. ಊರ ಶಾಲೆ ಮೈದಾನದಲ್ಲಿ ಆಡಿ ಬೆಳೆದ ಅಪ್ಪಂದಿರಿಗೆ ಇದು ಬೇಸರದ ಸುದ್ದಿ, ನನಗೆ ಗೊತ್ತು.

12ನೇ ಗ್ರೇಡ್ ಶುರುವಾಯಿತು, ಒಂದೂ ಆಫರ್ ಇಲ್ಲ. ಮುಗೀತಾ?

ಮುಗಿದಿಲ್ಲ. ಡಿವಿಷನ್ 3, ಎನ್‌ಎಐಎ, ಜೂನಿಯರ್ ಕಾಲೇಜುಗಳು 12ನೇ ಗ್ರೇಡಿನಲ್ಲೂ ತಂಡ ತುಂಬಿಸುತ್ತಿರುತ್ತವೆ. ಈಗ ಟ್ರಾನ್ಸ್‌ಫರ್ ಪೋರ್ಟಲ್ ಅನ್ನುವ ಆನ್‌ಲೈನ್ ಪಟ್ಟಿಯಿಂದ ಆಟಗಾರರು ಕಾಲೇಜು ಬದಲಾಯಿಸುವುದು ಸುಲಭವಾಗಿದೆ. ಕೋಚ್‌ಗಳು ಹೈಸ್ಕೂಲ್ ಮಕ್ಕಳ ಬದಲು ಅನುಭವಿಗಳನ್ನು ತೆಗೆದುಕೊಳ್ಳುವುದೂ ಹೆಚ್ಚಾಗಿದೆ. ಹಾಗಾಗಿ ಜಾಗ ತಡವಾಗಿ ಖಾಲಿಯಾಗುತ್ತದೆ, ತಡವಾಗಿ ತುಂಬುತ್ತದೆ. ಹೊಸ ವಿಡಿಯೊ ಮಾಡಿ, ಲಿಸ್ಟ್ ಮತ್ತೆ ಮಾಡಿ, ಈ ಸಲ ಫೋನ್ ಮಾಡಲಿ. ಸ್ಕಾಲರ್‌ಶಿಪ್ ಇಲ್ಲದೆ ತಂಡಕ್ಕೆ ಸೇರುವ ವಾಕ್-ಆನ್ ದಾರಿಯೂ ಇದೆ. ಆದರೆ ತಂಡದ ಸಂಖ್ಯೆಗೆ ಮಿತಿ ಬಂದ ಮೇಲೆ ಅಂಥ ಜಾಗ ದೊಡ್ಡ ಕಾಲೇಜುಗಳಲ್ಲಿ ಕಡಿಮೆ. ತಂಡ ಸಿಗದಿದ್ದರೆ ಹೆಚ್ಚಿನ ದೊಡ್ಡ ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿಗಳೇ ನಡೆಸುವ ಕ್ಲಬ್ ತಂಡ ಇದೆ, ಅದರ ಆಟವೂ ಗಟ್ಟಿ.

ಅಣ್ಣನ ಮಗಳು ಮೈಸೂರಲ್ಲಿ ಪಿಯುಸಿ, ರಾಜ್ಯ ಮಟ್ಟದಲ್ಲಿ ಆಡ್ತಾಳೆ. ಅಲ್ಲಿಂದಲೇ ಪ್ರಯತ್ನ ಮಾಡಬಹುದಾ?

ಖಂಡಿತ. ಬೇರೆ ದೇಶಗಳ ಹುಡುಗಿಯರು ಇಲ್ಲಿನ ತಂಡಗಳಲ್ಲಿ ಸಾಕಷ್ಟು ಇದ್ದಾರೆ. ಅವಳು ಆಡುವ ಅರ್ಹತೆ ಪರಿಶೀಲಿಸುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಹೆಸರು ನೋಂದಾಯಿಸಬೇಕು. 9ನೇ ತರಗತಿಯಿಂದ ಎಲ್ಲ ಮಾರ್ಕ್ಸ್ ಕಾರ್ಡ್, ಎಸ್ಎಸ್ಎಲ್‌ಸಿ ಮತ್ತು ಪಿಯುಸಿ ಸರ್ಟಿಫಿಕೇಟ್ ಜೋಪಾನ ಮಾಡಿ. ಶಾಲೆಯಿಂದ ಸಹಿ, ಮೊಹರು ಇರುವ ಪ್ರತಿಗಳನ್ನು ಈಗಲೇ ತೆಗೆದಿಡಿ, ಆಮೇಲೆ ಓಡಾಟ ಕಷ್ಟ. ಕಾಲೇಜುಗಳು ಇಂಗ್ಲಿಷ್ ಪರೀಕ್ಷೆ ಕೇಳಬಹುದು. ಪಿಯುಸಿ ಮುಗಿಸಿ ಒಂದೆರಡು ವರ್ಷ ಬರೀ ಟೂರ್ನಮೆಂಟ್ ಆಡುತ್ತಾ ಕಳೆದರೆ ಇಲ್ಲಿ ಆಡುವ ವರ್ಷಗಳು ಕಡಿಮೆಯಾಗಬಹುದು. ದುಡ್ಡು ಕೊಡುವ ಲೀಗ್‌ಗೆ ಸಹಿ ಹಾಕುವ ಮೊದಲು ಅರ್ಹತೆಯ ನಿಯಮ ಓದಲಿ.

ಕೋಚ್ ಅವಳನ್ನು ಎದುರಿಗೆ ನೋಡಲಾರರು, ಆದ್ದರಿಂದ ಎಲ್ಲ ಭಾರ ವಿಡಿಯೊ ಮೇಲೆ. ಪೂರ್ತಿ ಪಂದ್ಯದ ವಿಡಿಯೊ ಎರಡು ಮೂರು ಬೇಕು, ಅಳತೆಗಳು ಸೆಂಟಿಮೀಟರ್ ಮತ್ತು ಅಡಿ ಎರಡರಲ್ಲೂ ಇರಲಿ. ಎನ್‌ಎಐಎ, ಜೂನಿಯರ್ ಕಾಲೇಜ್ ಮತ್ತು ಡಿವಿಷನ್ 2 ಕಡೆ ಮೊದಲು ಬರೆಯಲಿ. ಭಾಗಶಃ ಸ್ಕಾಲರ್‌ಶಿಪ್ ಸಿಕ್ಕಿದರೆ ಉಳಿದ ದುಡ್ಡು ಮನೆಯಿಂದ ಹೊಂದುತ್ತದಾ ಅನ್ನುವ ಮಾತನ್ನು ಅಣ್ಣನ ಜೊತೆ ಮೊದಲ ಇಮೇಲ್ ಹೋಗುವ ಮುನ್ನವೇ ಆಡಿಬಿಡಿ. ವೀಸಾ ಸಂದರ್ಶನದಲ್ಲಿ ಬ್ಯಾಂಕ್ ಪತ್ರಗಳನ್ನು ಕೇಳುತ್ತಾರೆ.